ಗಡುವಿಗೆ ಸಿಕ್ಕ ವಲಸಿಗರ ಮಗು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ರಾಜ್ಯ ವಶಕ್ಕೆ ಪಡೆದ ವಲಸಿಗರ ಮಗು ಸಾಕು ಕುಟುಂಬ ಸೇರಿದರೆ ‘ಹೆತ್ತವರೋ, ಸಾಕಿದವರೋ’ ಎಂಬ ಭಾವುಕ ಚರ್ಚೆ ಏಳುತ್ತದೆ. ತೀರ್ಮಾನ ಎಷ್ಟೋ ಸಲ ಕ್ಯಾಲೆಂಡರಿನದು. 1997ರ ಕಾನೂನಿನಂತೆ, ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಸಾಕುಮನೆಯಲ್ಲಿದ್ದರೆ ಹೆತ್ತವರ ಹಕ್ಕು ರದ್ದತಿಗೆ ರಾಜ್ಯವೇ ಅರ್ಜಿ ಹಾಕಬೇಕು, ವಿನಾಯಿತಿಗಳು ಕೆಲವೇ.

ತಾಯಿ ವಲಸೆ ಬಂಧನದಲ್ಲಿದ್ದಾಳೆಂದು ಗಡುವು ತಾನಾಗಿ ನಿಲ್ಲದು. ಕೋರ್ಟ್ ವಿಧಿಸುವ ಪೋಷಕರ ತರಬೇತಿ, ಮಗುವಿನ ಭೇಟಿ ಎರಡೂ ಬಂಧನ ಕೇಂದ್ರದಲ್ಲಿ ದುರ್ಲಭ. ಬೇರೆ ಕೇಂದ್ರಕ್ಕೆ ಸಾಗಿಸಿದರೆ ನೋಟಿಸು ಹಳೇ ವಿಳಾಸಕ್ಕೆ ಹೋಗಬಹುದು. ಕಡತದಲ್ಲಿ ಮಾತ್ರ ‘ಗೈರುಹಾಜರಿ’!

ಆದ್ದರಿಂದ ಹೆತ್ತವರು ಮೊದಲ ವಾರವೇ ಬಂಧುಗಳ ಹೆಸರು, ಫೋನ್ ಸಂಖ್ಯೆ ಬರೆದುಕೊಡಬೇಕು. ಮಗುವನ್ನು ವಶಕ್ಕೆ ಪಡೆದ 30 ದಿನಗಳೊಳಗೆ ವಯಸ್ಕ ಬಂಧುಗಳಿಗೆ ತಿಳಿಸುವುದು ರಾಜ್ಯದ ಹೊಣೆ. ಮಗು ಬಂಧುಗಳ ಬಳಿಯಿದ್ದರೆ ರಾಜ್ಯ ಹಕ್ಕು ರದ್ದತಿಯ ಅರ್ಜಿ ಹಾಕದಿರಲೂಬಹುದು. ಕೋರ್ಟಿನಲ್ಲಿ ಫೋನ್ ಮೂಲಕ ಹಾಜರಾತಿಗೆ, ದುಭಾಷಿಗೆ ಮನವಿಯನ್ನು ಬರವಣಿಗೆಯಲ್ಲೇ ಕೊಟ್ಟು ಪ್ರತಿ ಇಟ್ಟುಕೊಳ್ಳಬೇಕು. ವಿದೇಶಿ ಪ್ರಜೆಯಾದ ಮಗುವಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಸಂದರ್ಭ ಬಂದರೆ, ಕಾನ್ಸುಲರ್ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 37ನೇ ವಿಧಿಯಂತೆ ಆ ದೇಶದ ಕಾನ್ಸುಲೇಟಿಗೆ ತಿಳಿಸಬೇಕು. ಅಮೆರಿಕದಲ್ಲೇ ಹುಟ್ಟಿ ಅಲ್ಲಿನ ಪೌರತ್ವವಿರುವ ಮಗುವಿಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಸಾಕುವವರನ್ನು ಖಳರಾಗಿಸುವುದು ಸುಲಭ, ಅನ್ಯಾಯವೂ ಹೌದು. ಆದರೆ ತಾಯ್ನುಡಿ ಮರೆತ ಮಗು ಭೇಟಿಯಲ್ಲಿ ಹೆತ್ತವಳಿಗೆ ಉತ್ತರಿಸದಿದ್ದರೆ, ವರದಿಯಲ್ಲಿ ಅದೇ ‘ಬಾಂಧವ್ಯವಿಲ್ಲ’ ಎಂದಾಗುವ ಅಪಾಯವಿದೆ. ವಾರಕ್ಕೊಮ್ಮೆಯಾದರೂ ವಿಡಿಯೊ ಕರೆ, ತಾಯಿಯ ದನಿಯ ಧ್ವನಿಮುದ್ರಿಕೆ ಸಾಕುಮನೆಯಲ್ಲಿ ಮೊದಲ ತಿಂಗಳಿಂದಲೇ ಶುರುವಾಗಲಿ.

ಇಂತಿ,
ಓದುಗರು