ಫರ್ನೇಸ್ ಪದೇ ಪದೇ ಆರಿದರೆ ತಪ್ಪು ಸ್ವಿಚ್ಚಿನದಲ್ಲ

ಮಾನ್ಯ ಸಂಪಾದಕರೇ,

ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಹೊತ್ತಿಕೊಂಡ ಕೆಲವೇ ನಿಮಿಷಗಳಲ್ಲಿ ಮಿತಿಮೀರಿ ಕಾದು ಆರಿಹೋಗುವುದು, ತಣಿದ ಮೇಲೆ ಮತ್ತೆ ಹೊತ್ತಿ ಮತ್ತೆ ಆರುವುದು ಅನೇಕರು ಅನುಭವಿಸುವ ತೊಂದರೆ. ಹೀಗಾದಾಗಲೆಲ್ಲ ‘ಲಿಮಿಟ್ ಸ್ವಿಚ್ (ಶಾಖ ಮಿತಿಮೀರಿದಾಗ ಉರಿಯನ್ನು ನಿಲ್ಲಿಸುವ ಸ್ವಿಚ್) ಕೆಟ್ಟಿದೆ’ ಎಂದು ಅದನ್ನು ಬದಲಾಯಿಸಿ ಹೊರಟುಬಿಡುವ ರೂಢಿಯನ್ನು ಕುರಿತು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಒಂದೇ ಚಳಿಗಾಲದಲ್ಲಿ ಆ ಸ್ವಿಚ್ಚನ್ನು ಎರಡು ಬಾರಿ ಬದಲಾಯಿಸಲಾಯಿತು. ಎರಡು ಬಾರಿಯೂ ವಾರ ಕಳೆಯುವುದರೊಳಗೆ ತೊಂದರೆ ಮರುಕಳಿಸಿತು. ಮೂರನೆಯ ಸಲ ಬಂದ ತಂತ್ರಜ್ಞರು ಸ್ವಿಚ್ಚನ್ನು ಮುಟ್ಟಲೇ ಇಲ್ಲ. ಫರ್ನೇಸಿಗೆ ಮರಳುವ ಗಾಳಿ ಎಷ್ಟು ತಣ್ಣಗಿದೆ, ಅದರಿಂದ ಹೊರಡುವ ಗಾಳಿ ಎಷ್ಟು ಬಿಸಿಯಿದೆ ಎಂಬುದನ್ನು ಅಳೆದು, ಆ ಅಂತರವನ್ನು ಯಂತ್ರದ ಫಲಕದ ಮೇಲೆ ತಯಾರಕರು ನಮೂದಿಸಿದ್ದ ಮಿತಿಯೊಡನೆ ಹೋಲಿಸಿದರು. ಅದು ಮಿತಿಯನ್ನು ಬಹಳ ಮೀರಿತ್ತು. ಉರಿಯ ಶಾಖವನ್ನು ಹೊತ್ತೊಯ್ಯಲು ಸಾಕಾಗುವಷ್ಟು ಗಾಳಿ ಹರಿಯುತ್ತಿರಲಿಲ್ಲ. ಗಾಳಿಯನ್ನು ತಳ್ಳುವ ಫ್ಯಾನ್, ಅಂದರೆ ಬ್ಲೋವರಿನ ಮೋಟರಿಗೆ ತಿರುಗಲು ನೆರವಾಗುವ ಕೆಪಾಸಿಟರ್ ಎಂಬ ವಿದ್ಯುತ್ ಬಿಡಿಭಾಗ ಸೊರಗಿದ್ದರಿಂದ ಫ್ಯಾನ್ ತಿರುಗುತ್ತಿದ್ದರೂ ಬೇಕಾದ ವೇಗ ಮುಟ್ಟುತ್ತಿರಲಿಲ್ಲ. ಜೊತೆಗೆ, ಧೂಳು ಕಡಿಮೆಯಾಗಲೆಂದು ನಾವೇ 1 ಇಂಚು ದಪ್ಪದ, ಮರ್ವ್ (ಫಿಲ್ಟರ್ ಎಷ್ಟು ಸಣ್ಣ ಕಣಗಳನ್ನು ಹಿಡಿಯುತ್ತದೆಂಬ ಅಳತೆ) 13 ದರ್ಜೆಯ ದಟ್ಟ ಫಿಲ್ಟರ್ ಹಾಕಿ ಇದ್ದ ಗಾಳಿಗೂ ತಡೆಯೊಡ್ಡಿದ್ದೆವು.

ಫಿಲ್ಟರ್ ತೆಗೆದು ನೋಡುವುದು, ಬಳಸದ ಕೋಣೆಗಳೆಂದು ಮುಚ್ಚಿಟ್ಟ ಗಾಳಿಕಿಂಡಿಗಳನ್ನು ತೆರೆಯುವುದು, ಗಾಳಿ ಮರಳುವ ಜಾಲರಿಗೆ ಒತ್ತಿಕೊಂಡ ಸೋಫಾವನ್ನು ಸರಿಸುವುದು ಯಾರಾದರೂ ಮಾಡಬಹುದಾದ ಕೆಲಸ. ಬ್ಲೋವರ್, ಫರ್ನೇಸಿನ ಗಾಳಿ ಹರಿಯುವ ಕೊಳವೆಯಲ್ಲೇ (ಡಕ್ಟ್) ಇರುವ ಏಸಿಯ ಕಾಯಿಲ್ ಮೇಲೆ ಕಟ್ಟಿದ ಕೊಳೆ, ಬರ್ನರಿಗೆ ಹೋಗುವ ಗ್ಯಾಸಿನ ಹೆಚ್ಚಿದ ಒತ್ತಡ, ಇವನ್ನು ಬಲ್ಲವರೇ ಪರೀಕ್ಷಿಸಬೇಕು.

ನನ್ನನ್ನು ನಿಜವಾಗಿ ಕಳವಳಗೊಳಿಸಿದ ಸಂಗತಿ ಬೇರೆಯಿದೆ. ಎರಡನೆಯ ಸಲ ಬಂದವರು, ಸ್ವಿಚ್ಚಿನ ಎರಡೂ ತಂತಿಗಳನ್ನು ನೇರವಾಗಿ ಜೋಡಿಸಿದರೆ ಫರ್ನೇಸ್ ಆರುವುದೇ ಇಲ್ಲ ಎಂದು ಸಲಹೆಯಿತ್ತಿದ್ದರು. ಹಾಗೆ ಮಾಡಿದರೆ ಅತಿಯಾದ ಶಾಖಕ್ಕೆ ಉರಿಯನ್ನು ನಿಲ್ಲಿಸುವ ಕಾವಲೇ ಇಲ್ಲವಾಗುತ್ತದೆ. ಉರಿಯ ಹೊಗೆಯನ್ನು ಒಳಗೇ ಇಟ್ಟು ಶಾಖವನ್ನಷ್ಟೇ ಗಾಳಿಗೆ ದಾಟಿಸುವ, ಪದೇ ಪದೇ ಮಿತಿಮೀರಿ ಕಾಯುವ ಹೀಟ್ ಎಕ್ಸ್‌ಚೇಂಜರಿನ ಲೋಹ ಬಿರುಕು ಬಿಡಬಹುದು. ಆ ಬಿರುಕಿನಿಂದ, ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಯ ಗಾಳಿಯನ್ನು ಸೇರಬಹುದು. ಮಕ್ಕಳಿರುವ ಮನೆಗೆ ಇಂಥ ಸಲಹೆ ಕೊಡಲು ಮನಸ್ಸಾದರೂ ಹೇಗೆ ಬರುತ್ತದೆ?

ಸ್ವಿಚ್ ಬದಲಾಯಿಸಲು ಬಂದವರಿಂದ ಓದುಗರು ಮೊದಲು ಆ ಉಷ್ಣಾಂಶದ ಅಂತರವನ್ನು ಅಳೆಯಿಸಿ, ಅಂಕಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ