ನೈಟ್ರೇಷನ್‌ಗೆ ನಲ್ಲಿ ನೀರು ಸಾಲದು

ಮಾನ್ಯ ಸಂಪಾದಕರೇ,

ಬೇಸಿಗೆ ಮಧ್ಯಾಹ್ನ ರಾಯಚೂರಿನಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಕೈ ಸುಡುತ್ತದೆ. ಅದೇ ನೀರಿನ ತೊಟ್ಟಿಯಲ್ಲಿ ಬೀಕರ್ ಇಟ್ಟು ಪದವಿ ವಿದ್ಯಾರ್ಥಿಗಳಿಂದ ಅಸಿಟನಿಲೈಡ್ (ಅಸಿಟೈಲ್ ಗುಂಪು ಹೊದಿಸಿದ ಅನಿಲಿನ್) ನೈಟ್ರೇಷನ್, ಅಂದರೆ ಅದಕ್ಕೆ ನೈಟ್ರೋ ಗುಂಪು ಸೇರಿಸುವ ಪ್ರಯೋಗ, ಮಾಡಿಸುವುದು ತಪ್ಪು. ಈ ಕ್ರಿಯೆಯಲ್ಲಿ ತಾಪ 10 ಡಿಗ್ರಿ ಸೆಲ್ಸಿಯಸ್ ದಾಟಬಾರದು.

5 ಗ್ರಾಂ ಅಸಿಟನಿಲೈಡ್‌ಗೆ 5 ಮಿ.ಲೀ. ಗ್ಲೇಸಿಯಲ್ ಅಸಿಟಿಕ್ ಆಮ್ಲ, ಆಮೇಲೆ 10 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಬಿಸಿಯಾಗಿ ದ್ರಾವಣ ತಿಳಿಯಾಗುತ್ತದೆ. ಅದನ್ನು ಉಪ್ಪು ಬೆರೆಸಿದ ಐಸ್‌ನಲ್ಲಿ 0–2 ಡಿಗ್ರಿಗೆ ಇಳಿಸಬೇಕು. 2.2 ಮಿ.ಲೀ. ನೈಟ್ರಿಕ್, 1.4 ಮಿ.ಲೀ. ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣವನ್ನು ಬೇರೆಯಾಗಿ ತಣಿಸಿ ಹನಿಹನಿಯಾಗಿ ಬಿಡಬೇಕು. ತಣಿದ ದ್ರಾವಣ ಮಂದವಾಗಿರುತ್ತದೆ, ಕಲಕದಿದ್ದರೆ ಹನಿ ಬಿದ್ದ ಜಾಗವೇ ಕಾಯುತ್ತದೆ. ಥರ್ಮಾಮೀಟರ್ ಇರಬೇಕಾದದ್ದು ಬೀಕರಿನೊಳಗೆ, ಐಸ್ ಪಾತ್ರೆಯಲ್ಲಲ್ಲ.

ಮುಂದಿನ ಎಡವಟ್ಟು ಪ್ರಯೋಗ ಪುಸ್ತಕದ್ದೇ. ‘ಕೋಣೆಯ ತಾಪದಲ್ಲಿ ಒಂದು ಗಂಟೆ ಬಿಡಿ’ ಎನ್ನುತ್ತದೆ. ಪುಸ್ತಕದ ಕೋಣೆ 20–25 ಡಿಗ್ರಿಯದು, ನಮ್ಮದು 38! ಆ ಒಂದು ಗಂಟೆಯೂ ಬೀಕರ್ ತಣ್ಣೀರಿನಲ್ಲೇ ಇರಲಿ. ಕಾದ ಆಮ್ಲದಲ್ಲಿ ಅಸಿಟೈಲ್ ಗುಂಪು ಕಳಚಿ ಹಳದಿ ಬಣ್ಣದ ಪ್ಯಾರಾ ನೈಟ್ರೋಅನಿಲಿನ್ ಆಗುತ್ತದೆ. ಎರಡನೇ ನೈಟ್ರೋ ಗುಂಪೂ ಸೇರಬಹುದು. 50 ಗ್ರಾಂ ಪುಡಿ ಐಸ್ ಮೇಲೆ ಸುರಿದಾಗ ತಿಳಿ ಬಣ್ಣದ ಬದಲು ಕಡು ಹಳದಿ ಕಂಡರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಸೋಸಿ, ಆಮ್ಲ ಹೋಗುವವರೆಗೆ ತೊಳೆದು, ಎಥನಾಲ್‌ನಲ್ಲಿ ಮರುಸ್ಫಟಿಕ ಮಾಡಿದರೆ ಆರ್ಥೊ (ನೈಟ್ರೋ ಗುಂಪು ಪಕ್ಕದ ಸ್ಥಾನಕ್ಕೆ ಸೇರಿದ್ದು) ದ್ರಾವಣದಲ್ಲೇ ಉಳಿಯುತ್ತದೆ. ನಮಗೆ ಬೇಕಾದ ಪ್ಯಾರಾದ (ಎದುರು ಸ್ಥಾನಕ್ಕೆ ಸೇರಿದ್ದು) ಕರಗುವ ಬಿಂದು 214 ಡಿಗ್ರಿ. ರೆಕಾರ್ಡ್ ಪುಸ್ತಕದಲ್ಲಂತೂ ಎಲ್ಲರದೂ 214!

ಅನಿಲಿನ್‌ಗೇ ಏಕೆ ನೈಟ್ರೇಷನ್ ಮಾಡುವುದಿಲ್ಲ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆ) ಕೇಳಿದರೆ ‘ಅಮೈನೋ ಗುಂಪು ಆರ್ಥೊ–ಪ್ಯಾರಾ ನಿರ್ದೇಶಕ’ ಎಂಬ ಬಾಯಿಪಾಠ ಬರುತ್ತದೆ. ಅದು ಉತ್ತರವಲ್ಲ. ಆಮ್ಲದಲ್ಲಿ ಅನಿಲಿನ್ ಪ್ರೋಟಾನ್ ಹಿಡಿದು ಅನಿಲಿನಿಯಂ ಅಯಾನು ಆಗುತ್ತದೆ. ಅದು ವರ್ತುಲದ ಎಲೆಕ್ಟ್ರಾನುಗಳನ್ನು ಎಳೆಯುವುದರಿಂದ ನೈಟ್ರೋ ಗುಂಪು ಕೊಡುವ ನೈಟ್ರೋನಿಯಂ ಅಯಾನು ನಡುವಿನ ಮೆಟಾ ಸ್ಥಾನಕ್ಕೂ ಹೋಗಿ ಕೂರುತ್ತದೆ: ಪ್ಯಾರಾ ಶೇ 51, ಮೆಟಾ ಶೇ 47, ಆರ್ಥೊ ಶೇ 2. ಜೊತೆಗೆ ಉತ್ಕರ್ಷಣೆಯಾಗಿ ಡಾಂಬರಿನಂಥ ಅಂಟು. ಅಸಿಟೈಲ್ ಹೊದಿಸುವುದು ಇದನ್ನು ತಪ್ಪಿಸಲಿಕ್ಕೆ.

ಕಲ್ಯಾಣ ಕರ್ನಾಟಕದ ಬಿಸಿಲು ಗೊತ್ತಿದ್ದೂ ಈ ಪ್ರಾಕ್ಟಿಕಲ್ ಮಧ್ಯಾಹ್ನದ ಬ್ಯಾಚಿಗೆ ಹಾಕುವುದೇಕೆ? ಬೆಳಿಗ್ಗೆ 8ಕ್ಕೆ ಇಡಲಿ, ಬ್ಯಾಚಿಗೊಂದು ಐಸ್‌ಗಡ್ಡೆ ತರಿಸಲಿ. ಅದೂ ಆಗದಿದ್ದರೆ ಪೊಟ್ಯಾಸಿಯಂ ಬ್ರೋಮೈಡ್, ಸೆರಿಕ್ ಅಮೋನಿಯಂ ನೈಟ್ರೇಟ್ ಬಳಸಿ ಅಸಿಟನಿಲೈಡ್‌ಗೆ ಬ್ರೋಮಿನ್ ಸೇರಿಸುವ ಪ್ರಯೋಗ ಮಾಡಿಸಲಿ. ದ್ರವ ಬ್ರೋಮಿನ್ ಮುಟ್ಟಬೇಕಿಲ್ಲ, ಕೊನೆಗೆ ಸುರಿಯಲು ಮಾತ್ರ ಐಸ್ ನೀರು ಸಾಕು.

— ರಸಾಯನಶಾಸ್ತ್ರ ಅಧ್ಯಾಪಕರು, ರಾಯಚೂರು