ಏಪ್ರಿಲ್‌ನಲ್ಲಿ ಬಲೆ ಒಂಬತ್ತಕ್ಕೇ ಮುಚ್ಚಲಿ

ಮಾನ್ಯ ಸಂಪಾದಕರೇ,

ಚಳಿಗಾಲ ಕಳೆಯಲು ಬಂದ ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂಬ ಕಂದು ಉಲಿಯಕ್ಕಿ ಏಪ್ರಿಲ್ ಕೊನೆಯವರೆಗೂ ತುಮಕೂರಿನ ಹಿತ್ತಿಲುಗಳ ಕರಿಬೇವು, ದಾಸವಾಳದ ಪೊದೆಗಳಲ್ಲಿ ‘ಚೆಕ್ ಚೆಕ್’ ಎನ್ನುತ್ತಿರುತ್ತದೆ. ಹತ್ತು ಹನ್ನೆರಡು ಗ್ರಾಂ ತೂಗುವ ಈ ಜೀವ ರಷ್ಯಾದ ಕಡೆಗೆ ಹಾರಬೇಕು. ಹೊರಡುವ ಮುನ್ನ ಅದನ್ನು ಬಲೆಯಲ್ಲಿ ಹಿಡಿದು ತೂಗಿ ಕಾಲಿಗೆ ಸಂಖ್ಯೆಯಿರುವ ಉಂಗುರ ತೊಡಿಸಿದರೆ ಸಿಗುವ ಮಾಹಿತಿ ಅಮೂಲ್ಯ. ಆದರೆ ಡಿಸೆಂಬರ್‌ನಲ್ಲಿ ನಡೆಯುವ ಕ್ರಮ ಏಪ್ರಿಲ್‌ಗೆ ಒಗ್ಗುವುದಿಲ್ಲ.

ಮೊದಲ ಶತ್ರು ಬಿಸಿಲು. 16 ಮಿ.ಮೀ. ಕಣ್ಣಿನ ಮಿಸ್ಟ್ ನೆಟ್ಟನ್ನು (ಹಕ್ಕಿ ಹಿಡಿಯುವ ತೆಳು ನೂಲಿನ ಬಲೆ) ಪೊದೆಯ ನೆರಳಿಗೆ ಕಟ್ಟಿ, ನಸುಕಿನಲ್ಲೇ ಬಿಚ್ಚಿ, ಒಂಬತ್ತಕ್ಕೆ ಸುತ್ತಿಡಬೇಕು. ಕಾಲು ಗಂಟೆಗೊಮ್ಮೆ ನೋಡಲೇಬೇಕು. ಹಕ್ಕಿ ಬೀಳುವ ಬಲೆಯ ಕೆಳಗಿನ ಜೋಲು ನೆಲಕ್ಕೆ ತಾಗಿದರೆ ಇರುವೆ ಮುತ್ತುತ್ತವೆ, ಬೆಕ್ಕಿಗೂ ಸಲೀಸು. ಕೊಕ್ಕು ತೆರೆದು ಏದುಸಿರು ಬಿಡುವ ಹಕ್ಕಿಗೆ ಉಂಗುರ, ಅಳತೆ ಏನೂ ಬೇಡ; ನೆರಳಲ್ಲಿ ಬಿಟ್ಟುಬಿಡಿ.

ಎರಡನೆಯದನ್ನು ಹಲವರು ಮರೆಯುತ್ತಾರೆ. ವಲಸೆಯವು ಹೊರಡುವ ಹೊತ್ತಿಗೇ ಇಲ್ಲಿಯವೇ ಆದ ಪಿಕಳಾರ, ಸಿಂಪಿಗಗಳು ಗೂಡು ಮಾಡಿರುತ್ತವೆ. ಹೊಟ್ಟೆಯ ಗರಿ ಮೆಲ್ಲಗೆ ಊದಿ ನೋಡಿ: ಚರ್ಮ ಬೋಳಾಗಿ ಸುಕ್ಕುಗಟ್ಟಿದ್ದರೆ ಅದು ಕಾವಿಗೆ ಕೂತ ಹಕ್ಕಿ, ತಡಮಾಡದೆ ಬಿಡಬೇಕು. ವಲಸೆಗೆ ಸಜ್ಜಾದ ಹಕ್ಕಿಯಲ್ಲಾದರೆ ಕತ್ತಿನ ಬುಡದ ಗುಳಿಯಲ್ಲಿ ಹಳದಿ ಕೊಬ್ಬು ಕಾಣುತ್ತದೆ. ಆ ಕೊಬ್ಬೇ ಅದರ ದಾರಿಬುತ್ತಿ. ಹಿಡಿದ ಹಕ್ಕಿಯನ್ನು ಚೀಲದಲ್ಲಿ ಗಂಟೆಗಟ್ಟಲೆ ಕೂಡಿಟ್ಟರೆ ಕರಗುವುದು ಅದೇ.

ಉಂಗುರದ ತುದಿಗಳು ಒಂದಕ್ಕೊಂದು ಸರಿಯಾಗಿ ಕೂಡಬೇಕು. ಸಂದಿ ಉಳಿದರೆ ನಾರು ಸಿಕ್ಕಿಕೊಳ್ಳುತ್ತದೆ, ಒಂದರ ಮೇಲೊಂದು ಏರಿದರೆ ಕಾಲು ಗಾಯವಾಗುತ್ತದೆ. ಉಂಗುರ ಕಾಲಲ್ಲಿ ಸಲೀಸಾಗಿ ತಿರುಗಬೇಕು, ಹಕ್ಕಿಯ ಬೆರಳ ಮೇಲೆ ಜಾರಬಾರದು. ಇದಕ್ಕೆಂದೇ ಇರುವ ಇಕ್ಕಳ ಬಿಟ್ಟು ಬೇರೆಯದನ್ನು ಬಳಸಲೇಬಾರದು.

ಇದೆಲ್ಲ ತರಬೇತಿ ಪಡೆದವರ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಿಡಿಯುವುದನ್ನೂ ಬೇಟೆ ಎಂದೇ ಎಣಿಸುತ್ತದೆ. ಸಂಶೋಧನೆಗೂ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ನಮ್ಮ ಹಿತ್ತಿಲು, ನಮ್ಮ ಬಲೆ ಎಂಬ ವಾದ ನಡೆಯದು. ಅನುಮತಿ ಕೊಡುವಾಗ ಏಪ್ರಿಲ್ ತಿಂಗಳಿಗೆ ಒಂಬತ್ತು ಗಂಟೆಯ ಗಡುವನ್ನು ಷರತ್ತಾಗಿ ಬರೆಯಲಿ ಎಂಬುದು ಅರಣ್ಯ ಇಲಾಖೆಗೆ ನಮ್ಮ ವಿನಂತಿ.

ಉಂಗುರವಿರುವ ಹಕ್ಕಿ ಸತ್ತು ಬಿದ್ದಿದ್ದು ಕಂಡರೆ ಉಂಗುರದ ಸಂಖ್ಯೆ, ದಿನಾಂಕ, ಊರಿನ ಹೆಸರು ಬರೆದು, ಚಿತ್ರ ತೆಗೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಬದುಕಿದ್ದರೆ ಸಂಖ್ಯೆ ಓದಿಕೊಳ್ಳಿ, ಉಂಗುರ ಬಿಚ್ಚಬೇಡಿ.

– ಪಕ್ಷಿ ವೀಕ್ಷಕರು, ತುಮಕೂರು